ಬೇಡವೆನ್ನದ ಕುದುರೆ

ಮನುಷ್ಯನು ತನ್ನ ಮನಸ್ಸನ್ನು ಕುರಿತು ಮಾತನಾಡಬೇಕಾದಾಗಲೆಲ್ಲ ಕುದುರೆಯನ್ನು ಕರೆತಂದಿದ್ದಾನೆ. ಕಠೋಪನಿಷತ್ತಿನಲ್ಲಿ ದೇಹವೇ ರಥ, ಬುದ್ಧಿಯೇ ಸಾರಥಿ, ಮನಸ್ಸೇ ಲಗಾಮು, ಇಂದ್ರಿಯಗಳೇ ಕುದುರೆಗಳು. ಗ್ರೀಸ್ ದೇಶದ ಪ್ಲೇಟೋ ತನ್ನ ‘ಫೇದ್ರಸ್’ ಸಂವಾದದಲ್ಲಿ ಆತ್ಮವನ್ನು ಎರಡು ಕುದುರೆಗಳ ರಥಕ್ಕೆ ಹೋಲಿಸಿದ. ಒಂದು ಸಾಧು, ಇನ್ನೊಂದು ಮೊಂಡು. ದೇಶ ಬೇರೆ, ಕಾಲ ಬೇರೆ. ಆದರೂ ಎರಡು ಚಿತ್ರಗಳಲ್ಲಿಯೂ ಕುದುರೆಯ ಪಾತ್ರ ಒಂದೇ. ಅದು ಬಲ, ಆ ಬಲವನ್ನು ಹಿಡಿದು ನಡೆಸುವವನು ಸಾರಥಿ. ಕುದುರೆಗೆ ಏನನ್ನಿಸುತ್ತದೆ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಉಪಮೆಯ ಕುದುರೆಗೆ ದಣಿವಿಲ್ಲವಲ್ಲ!

ಉಪಮೆಯಿಂದ ಇಳಿದು ನಿಜವಾದ ಕುದುರೆಯ ಬೆನ್ನೇರಿ, ಬೆಟ್ಟ ಕಣಿವೆಗಳ ನಡುವೆ ಒಂದು ಹಗಲು, ಒಂದು ಇರುಳು ಸಾಗಬೇಕಾದವನಿಗೆ ಮಾತ್ರ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಎಂಡ್ಯೂರೆನ್ಸ್ ಎಂದು ಕರೆಯಲಾಗುವ ದೀರ್ಘದೂರ ಸವಾರಿಯಲ್ಲಿ ಕುದುರೆಯ ಕಾಲಿಗಿಂತ ಮೊದಲು ಅದರ ಮನಸ್ಸನ್ನು ಸಿದ್ಧಗೊಳಿಸಬೇಕು ಎಂಬುದು ಅನುಭವಿಗಳ ಮಾತು. ಆ ಸಿದ್ಧತೆಯ ಕ್ರಮವನ್ನು ಗಮನಿಸುತ್ತ ಹೋದರೆ ಒಂದು ಕಠಿಣವಾದ ನೈತಿಕ ಪ್ರಶ್ನೆ ನಮ್ಮೆದುರು ನಿಲ್ಲುತ್ತದೆ. ಆ ಪ್ರಶ್ನೆ ಲಾಯದಲ್ಲಿ ಹುಟ್ಟಿದರೂ ಲಾಯದಲ್ಲಿಯೇ ಉಳಿಯುವಂಥದ್ದಲ್ಲ.

ಬೆಂಗಳೂರು, ಮೈಸೂರುಗಳ ಹೆಸರಿನೊಡನೆ ನಾವು ಕೇಳಿ ಬಲ್ಲ ಕುದುರೆ ಪಂದ್ಯವು ಒಂದೆರಡು ಅಥವಾ ಮೂರು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ದೀರ್ಘದೂರ ಸವಾರಿಯ ಲೋಕವೇ ಬೇರೆ. ಅದರಲ್ಲಿ ಹೆಸರಾಂತ ಟೆವಿಸ್ ಕಪ್ ಸವಾರಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆಯುತ್ತದೆ. ಇಂದಿನ ಕುದುರೆಗಳು ಒಂದೇ ದಿನದಲ್ಲಿ 100 ಮೈಲಿ ನಡೆಯಬಲ್ಲವೇ ಎಂಬ ಸಂದೇಹಕ್ಕೆ ಉತ್ತರವಾಗಿ 1955ರಲ್ಲಿ ವೆಂಡೆಲ್ ರಾಬಿ ಎಂಬವರು ಕೆಲವು ಸಂಗಡಿಗರೊಡನೆ ಟಾಹೋ ಸರೋವರದ ಕಡೆಯಿಂದ ಆಬರ್ನ್ ಊರಿನವರೆಗೆ ಸವಾರಿ ಮಾಡಿದರು. ಅಂದಿನಿಂದ ಬೆಳೆದುಬಂದ ಈ ಸವಾರಿಯಲ್ಲಿ ಸುಮಾರು 160 ಕಿಲೋಮೀಟರ್ ದೂರವನ್ನು 24 ಗಂಟೆಗಳೊಳಗೆ ಮುಗಿಸಬೇಕು. ಸಿಯೆರಾ ನೆವಾಡಾ ಪರ್ವತದ ಏರು, ಬೇಸಿಗೆಯ ಕಾವು ಹೊರಸೂಸುವ ಆಳವಾದ ಕಣಿವೆಗಳು, ಒಂದು ಬದಿಯಲ್ಲಿ ಪ್ರಪಾತವಿರುವ ಇಕ್ಕಟ್ಟಾದ ಕಾಲುದಾರಿ, ಕೊನೆಯಲ್ಲಿ ಕತ್ತಲೆ. ಹೊರಟವರಲ್ಲಿ ಸಾಧಾರಣವಾಗಿ ಅರ್ಧದಷ್ಟು ಮಂದಿ ಮಾತ್ರ ಗುರಿ ಮುಟ್ಟುತ್ತಾರೆ. ಮುಟ್ಟಿದವರಿಗೆ ದೊರೆಯುವುದು ಸೊಂಟಪಟ್ಟಿಯ ಒಂದು ಬೆಳ್ಳಿಯ ಬಕಲ್. ಆರು ವರ್ಷ ತುಂಬದ ಕುದುರೆಗೆ ಇಲ್ಲಿ ಪ್ರವೇಶವೇ ಇಲ್ಲ.

ಈ ಸವಾರಿಯ ನಿಯಮಗಳಲ್ಲಿ ಒಂದು ಸೂಕ್ಷ್ಮವಿದೆ. ದಾರಿಯುದ್ದಕ್ಕೂ ಪಶುವೈದ್ಯರು ಕುದುರೆಯನ್ನು ತಡೆದು ಪರೀಕ್ಷಿಸುತ್ತಾರೆ. ಹೃದಯದ ಬಡಿತ ಎಣಿಸುತ್ತಾರೆ. ಒಸಡನ್ನು ಒತ್ತಿ ರಕ್ತ ಮರಳುವ ವೇಗವನ್ನು ನೋಡುತ್ತಾರೆ. ಚರ್ಮವನ್ನು ಚಿವುಟಿ ನೀರಿನಂಶ ಅಳೆಯುತ್ತಾರೆ. ಹೊಟ್ಟೆಗೆ ಕಿವಿಗೊಟ್ಟು ಕರುಳಿನ ಸದ್ದು ಆಲಿಸುತ್ತಾರೆ. ಕುಕ್ಕುಲೋಟದಲ್ಲಿ ಓಡಿಸಿ ಕಾಲು ಕುಂಟುತ್ತಿದೆಯೇ ಎಂದು ಪರಿಶೀಲಿಸುತ್ತಾರೆ. ಗುರಿ ಮುಟ್ಟಿದ ಮೇಲೂ ಪರೀಕ್ಷೆ ತಪ್ಪುವುದಿಲ್ಲ. ಅಲ್ಲಿ ವೈದ್ಯರು ಉತ್ತರಿಸಬೇಕಾದ ಪ್ರಶ್ನೆ: ‘ಈ ಕುದುರೆ ಇನ್ನೂ ಮುಂದೆ ಹೋಗಬಲ್ಲದೇ?’ ಹೋಗಲಾರದು ಎಂದಾದರೆ, ಎಲ್ಲರಿಗಿಂತ ಮೊದಲು ಬಂದಿದ್ದರೂ ಆ ಸವಾರನು ಸವಾರಿಯನ್ನು ಮುಗಿಸಿದವನೆಂದು ಎಣಿಕೆಯಾಗುವುದಿಲ್ಲ. 1972ರಲ್ಲಿ ಆರಂಭವಾದ ಅಮೆರಿಕದ ದೀರ್ಘದೂರ ಸವಾರರ ಸಂಸ್ಥೆಯ ಧ್ಯೇಯವಾಕ್ಯದ ತಾತ್ಪರ್ಯವೂ ಇದೇ: ಕ್ಷೇಮವಾಗಿ ಮುಗಿಸುವುದೇ ಗೆಲುವು.

ಇಂಥ ಸವಾರಿಗೆ ಕುದುರೆಯ ಮನಸ್ಸನ್ನು ಹದಗೊಳಿಸುವುದೆಂದರೆ ಏನು? ಮೊದಲು ಆ ಮನಸ್ಸಿನ ಸ್ವಭಾವವನ್ನು ತಿಳಿಯಬೇಕು. ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಈಡಾಗುವ ಪ್ರಾಣಿ. ತಲೆಯ ಎರಡು ಬದಿಗಳಲ್ಲಿರುವ ಅದರ ಕಣ್ಣುಗಳು ಹೆಚ್ಚುಕಡಿಮೆ ಸುತ್ತಲಿನದೆಲ್ಲವನ್ನೂ ಒಮ್ಮೆಗೇ ಕಾಣುತ್ತವೆ. ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಕುರುಡು ತಾಣಗಳಿವೆ. ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ ನಮಗೆ ಕಸ. ಕುದುರೆಗೆ ಅದು ಮೇಲೆರಗಲು ಹವಣಿಸುವ ಚಿರತೆಯೂ ಆಗಿರಬಹುದು. ಮೊದಲು ಓಡು, ಆಮೇಲೆ ನೋಡು: ಇದು ಸಾವಿರಾರು ತಲೆಮಾರುಗಳು ಅದರ ರಕ್ತಕ್ಕೆ ಕಲಿಸಿದ ಪಾಠ. ಎರಡನೆಯದಾಗಿ, ಕುದುರೆ ಮಂದೆಯ ಜೀವಿ. ಒಡನಾಡಿಗಳಿಂದ ಅಗಲಿ ಒಂಟಿಯಾಗುವುದೆಂದರೆ ಅದರ ಪಾಲಿಗೆ ಅಪಾಯವನ್ನು ಎದುರುಗೊಂಡಂತೆಯೇ.

ಈ ಭಯವನ್ನು ಚಾಟಿಯಿಂದ ಓಡಿಸಲಾಗದು. ಎರಡು ಸಾವಿರ ವರ್ಷಗಳಿಗೂ ಹಿಂದೆ ಅಶ್ವವಿದ್ಯೆಯನ್ನು ಕುರಿತು ಬರೆದ ಗ್ರೀಕ್ ಸೇನಾನಿ ಕ್ಸೆನೋಫೋನ್ ಈ ಮಾತನ್ನು ಅಂದೇ ಅರಿತಿದ್ದ. ಕೋಪದಿಂದ ಕುದುರೆಯ ಬಳಿಗೆ ಹೋಗಬಾರದೆಂದೂ, ಹೆದರಿದ ಕುದುರೆಯನ್ನು ಹೊಡೆದರೆ ಅದರ ಹೆದರಿಕೆ ಇಮ್ಮಡಿಯಾಗುವುದೆಂದೂ ಆತ ಬೋಧಿಸಿದ. ಇಂದಿನ ತರಬೇತುದಾರರ ಹಾದಿಯೂ ಅದೇ. ಸೇತುವೆಯನ್ನು ಕಂಡು ಬೆಚ್ಚುವ ಎಳೆಯ ಕುದುರೆಯನ್ನು ಮೊದಲ ದಿನ ದೂರದಲ್ಲಿಯೇ ನಿಲ್ಲಿಸಿ ನೋಡಗೊಡುತ್ತಾರೆ. ಉಸಿರು ಶಾಂತವಾದ ಮೇಲೆ ಹತ್ತು ಹೆಜ್ಜೆ ಮುಂದೆ, ಮತ್ತೆ ಬಿಡುವು. ಸವಾರನು ಕೆಳಗಿಳಿದು ತಾನೇ ಮುಂದಾಗಿ ಹಲಗೆಯ ಮೇಲೆ ಕಾಲಿಟ್ಟು ತೋರಿಸುತ್ತಾನೆ. ಹಳಗಿದ ಹಿರಿಯ ಕುದುರೆಯೊಂದನ್ನು ಮುಂದೆ ಬಿಟ್ಟು, ಅದರ ಹಿಂದೆ ಇದನ್ನು ನಡೆಸುವುದೂ ಉಂಟು. ವಾರಗಳು ಕಳೆದ ಮೇಲೆ ಕುದುರೆ ಸೇತುವೆಯನ್ನು ದಾಟುತ್ತದೆ. ಅಷ್ಟರಲ್ಲಿ ಅದು ಸೇತುವೆಗಿಂತ ದೊಡ್ಡದಾದ ಒಂದು ಸಂಗತಿಯನ್ನು ಕಲಿತಿರುತ್ತದೆ: ಈ ಮನುಷ್ಯನು ನನ್ನನ್ನು ಕೇಡಿನೊಳಗೆ ನಡೆಸುವುದಿಲ್ಲ.

ಅನಂತರದ ಪಾಠ ಏಕಾಂತದ್ದು. ಜೊತೆಗಾರ ಕುದುರೆಗಳು ಮುಂದೆ ಹೋದರೂ ತನ್ನ ನಡಿಗೆಯನ್ನು ತಾನು ಕಾಯ್ದುಕೊಳ್ಳಲು ಅದು ಕಲಿಯಬೇಕು. ಸವಾರಿ ಹೊರಡುವ ಮುಂಜಾನೆ ನೂರಾರು ಕುದುರೆಗಳು ಒಂದೆಡೆ ಸೇರಿ ಕೆನೆಯುತ್ತ, ಕಾಲು ಕೆದರುತ್ತ ಇರುವಾಗ ಮಂದೆಯ ಉದ್ವೇಗ ಎಲ್ಲ ಕುದುರೆಗಳಿಗೂ ಹಬ್ಬುತ್ತದೆ. ಆ ಕ್ಷಣದ ಹುರುಪಿನಲ್ಲಿ ಮೊದಲ ಹತ್ತು ಮೈಲಿ ಓಡಿಬಿಟ್ಟ ಕುದುರೆ ಅರವತ್ತನೆಯ ಮೈಲಿಯಲ್ಲಿ ಅದರ ಬೆಲೆಯನ್ನು ತೆರುತ್ತದೆ. ಆದುದರಿಂದ ಅಭ್ಯಾಸದ ದಿನಗಳಲ್ಲಿ ಬೇಕೆಂದೇ ಹಿಂದೆ ಉಳಿಸಿ, ಇತರರು ಹಾದುಹೋಗುವುದನ್ನು ನೋಡುತ್ತ ನೆಮ್ಮದಿಯಿಂದ ನಡೆಯುವ ರೂಢಿ ಮಾಡಿಸುತ್ತಾರೆ.

ನೀರು ಕುಡಿಯುವುದೂ ಕಲಿಯಬೇಕಾದ ಪಾಠವೆಂದರೆ ಅಚ್ಚರಿಯಾದೀತು. ಬಿಸಿಲಿನಲ್ಲಿ ದುಡಿಯುವ ಕುದುರೆ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಬೆವರು ಸುರಿಸಬಲ್ಲದು. ಅದರ ಬೆವರಿನಲ್ಲಿ ಉಪ್ಪಿನಂಶ ನಮ್ಮ ಬೆವರಿಗಿಂತ ಬಹಳ ಹೆಚ್ಚು. ನೀರಿನೊಡನೆ ಉಪ್ಪೂ ಅದೇ ಪ್ರಮಾಣದಲ್ಲಿ ಹೊರಟುಹೋಗುವುದರಿಂದ ರಕ್ತದ ಸಾಂದ್ರತೆ ಏರದು; ಏರದಿದ್ದರೆ ಮೆದುಳಿಗೆ ಬಾಯಾರಿಕೆಯ ಸೂಚನೆ ತಲುಪದು. ಹೀಗೆ ದೇಹ ಒಣಗುತ್ತಿದ್ದರೂ ಕುದುರೆಗೆ ದಾಹವೆನ್ನಿಸದ ಹೊತ್ತು ಬರುತ್ತದೆ. ಅದರ ಜೊತೆಗೆ ಕಳವಳವೂ ಸೇರಿದರೆ ಅದು ನೀರಿಗೆ ಮೂತಿಯನ್ನೇ ಇಡದು. ಆದುದರಿಂದ ಪ್ರತಿ ತೊರೆಯ ಬಳಿಯಲ್ಲಿಯೂ ನಿಂತು, ಸವಾರನು ಅವಸರವಿಲ್ಲದೆ ಕಾದು, ದಾರಿಯ ನಡುವೆ ಕುಡಿಯುವುದನ್ನೂ ಮೇಯುವುದನ್ನೂ ನಿತ್ಯದ ರೂಢಿಯಾಗಿ ಮಾಡಿಸಬೇಕು.

ಕೊನೆಯ ಪಾಠ ನಿಲ್ಲುವುದು. ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯ ನಿಮಿಷಕ್ಕೆ 30ರಿಂದ 40 ಬಾರಿ ಬಡಿಯುತ್ತದೆ. ತಪಾಸಣೆಯ ತಾಣದಲ್ಲಿ ಅದು ಸಾಮಾನ್ಯವಾಗಿ 60–64ರ ಮಟ್ಟಕ್ಕೆ ಇಳಿದರೆ ಮಾತ್ರ ಮುಂದಿನ ದಾರಿ. ಸ್ನಾಯು ಎಷ್ಟೇ ಗಟ್ಟಿಯಾಗಿದ್ದರೂ, ಅಪರಿಚಿತರ ಗದ್ದಲಕ್ಕೆ ಬೆದರಿದ ಕುದುರೆಯ ಬಡಿತ ಇಳಿಯದು. ಓಡುವ ಶಕ್ತಿಯಷ್ಟೇ ನಿಲ್ಲುವ ಶಕ್ತಿಯೂ ಇಲ್ಲಿ ಅಗತ್ಯ. ಇದೆಲ್ಲಕ್ಕೂ ವರ್ಷಗಳು ಬೇಕು. 160 ಕಿಲೋಮೀಟರ್ ದಾರಿಗೆ ಒಂದು ಕುದುರೆಯನ್ನು ಸಿದ್ಧಪಡಿಸಲು ಎರಡು ಮೂರು ವರ್ಷಗಳ ನಿಧಾನವಾದ ಸಾಧನೆ ಸಾಮಾನ್ಯ.

ಇಷ್ಟು ಹೇಳಿದ ಮೇಲೆ ಸವಾರನ ಮನಸ್ಸಿನ ಮಾತನ್ನೂ ಆಡಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆಯೊಂದು ಲೆಕ್ಕ ಮಾಡುತ್ತದೆ ಎಂದು ಜನ ಬೆರಗಾದರು. ಪ್ರಶ್ನೆ ಕೇಳಿದರೆ ಅದು ಗೊರಸಿನಿಂದ ನೆಲವನ್ನು ತಟ್ಟಿ ಉತ್ತರದ ಸಂಖ್ಯೆ ತಿಳಿಸುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕ ಇದನ್ನು ಪರೀಕ್ಷಿಸಿ 1907ರಲ್ಲಿ ಗುಟ್ಟನ್ನು ಬಯಲುಮಾಡಿದ. ಕುದುರೆಗೆ ಗಣಿತ ಬರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದೊಡನೆ ಪ್ರಶ್ನೆ ಕೇಳಿದವರ ತಲೆಯಲ್ಲಿ, ಮುಖದಲ್ಲಿ, ಅವರಿಗೇ ಅರಿವಿಲ್ಲದಂತೆ ಮೂಡುತ್ತಿದ್ದ ಅತ್ಯಲ್ಪ ಚಲನೆಯನ್ನು ಅದು ಓದುತ್ತಿತ್ತು. ಲೆಕ್ಕಕ್ಕಿಂತ ದೊಡ್ಡ ವಿದ್ಯೆ ಇದು. ನೋಟದಿಂದಲೇ ಇಷ್ಟನ್ನು ತಿಳಿಯುವ ಜೀವಿಯ ಬೆನ್ನ ಮೇಲೆಯೇ ಕುಳಿತಿರುವವನು ತನ್ನ ಆತುರವನ್ನಾಗಲಿ, ಅಂಜಿಕೆಯನ್ನಾಗಲಿ ಬಚ್ಚಿಡುವುದು ಹೇಗೆ? ಕುದುರೆಯ ಮನಸ್ಸನ್ನು ತಿದ್ದಲು ಹೊರಟವನು ಮೊದಲು ತನ್ನ ಮನಸ್ಸನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಇಲ್ಲಿಯವರೆಗೆ ಎಲ್ಲವೂ ಸೊಗಸಾಗಿಯೇ ಇದೆ. ಭಯ ಕಳೆದು ನಂಬಿಕೆ ಬೆಳೆಯಿತು. ಉದ್ವೇಗ ಕಳೆದು ಸ್ಥೈರ್ಯ ಮೂಡಿತು. ಆದರೆ ಈ ಸಾಧನೆಯ ಕೊನೆಯಲ್ಲಿ ನಮಗೆ ದೊರೆತದ್ದು ಏನು? ಕೇಳಿದಷ್ಟು ದೂರ ನಡೆಯುವ ಕುದುರೆ. ನಂಬಿದವನು ಹೋಗೆಂದರೆ ಹೋಗುವ, ಬೇಡವೆನ್ನದ ಕುದುರೆ. ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಒಂದು ಜೀವಿಯನ್ನು ಅದರ ಸ್ವಂತ ಎಚ್ಚರಿಕೆಗಳನ್ನೆಲ್ಲ ಮೀರಿ ನಮ್ಮ ಮಾತನ್ನು ನಂಬುವಂತೆ ಮಾಡಿದ ಮೇಲೆ, ಅದರ ಒಪ್ಪಿಗೆಗೆ ಒಪ್ಪಿಗೆಯೆಂಬ ಅರ್ಥ ಉಳಿದಿದೆಯೇ?

1892ರ ಅಕ್ಟೋಬರಿನಲ್ಲಿ ನಡೆದ ಒಂದು ಘಟನೆ ಈ ಪ್ರಶ್ನೆಯನ್ನು ಬರಿಯ ತರ್ಕವಾಗಿ ಉಳಿಯಗೊಡುವುದಿಲ್ಲ. ಜರ್ಮನಿಯ ಸೇನಾಧಿಕಾರಿಗಳು ಬರ್ಲಿನ್ನಿನಿಂದ ವಿಯೆನ್ನಾಕ್ಕೂ, ಆಸ್ಟ್ರಿಯಾ-ಹಂಗೇರಿಯ ಸೇನಾಧಿಕಾರಿಗಳು ವಿಯೆನ್ನಾದಿಂದ ಬರ್ಲಿನ್ನಿಗೂ ಕುದುರೆಯೇರಿ ಸ್ಪರ್ಧಿಸಿದರು. ದೂರ ಸುಮಾರು 580 ಕಿಲೋಮೀಟರ್. ಆಸ್ಟ್ರಿಯಾದ ಸ್ಟಾರ್ಹೆಂಬರ್ಗ್ ಎಂಬ ಅಧಿಕಾರಿ 72 ಗಂಟೆಗಳಿಗೂ ಕಡಿಮೆ ಅವಧಿಯಲ್ಲಿ ತಲುಪಿ ಗೆದ್ದ. ಅವನನ್ನು ಹೊತ್ತುತಂದ ಆಥೋಸ್ ಎಂಬ ಕುದುರೆ ಗೆಲುವಿನ ಬೆನ್ನಿಗೇ ಸತ್ತಿತು. ಇನ್ನೂ ಅನೇಕ ಕುದುರೆಗಳು ಹಾಗೆಯೇ ಅಳಿದವು. ಕೆಲಸ ಕಲಿಯದ ಒರಟು ಕುದುರೆ ನಡುದಾರಿಯಲ್ಲಿಯೇ ನಿಂತುಬಿಡುತ್ತದೆ, ಸವಾರನನ್ನು ಕೆಡವುತ್ತದೆ, ಬದುಕಿಕೊಳ್ಳುತ್ತದೆ. ಸಾಯುವವರೆಗೂ ನಡೆಯುವುದು ಚೆನ್ನಾಗಿ ಕಲಿತ ಕುದುರೆ. ಅದರ ಸದ್ಗುಣವೇ ಅದರ ಅಪಾಯ.

ಸಹನೆಯನ್ನು ಕುರಿತು ಆಳವಾಗಿ ಚಿಂತಿಸಿದ ಸಂತ ಥಾಮಸ್ ಅಕ್ವಿನಾಸರು ಇಲ್ಲಿ ನಮಗೆ ನೆರವಾಗುತ್ತಾರೆ. ಧೈರ್ಯವೆಂಬ ಸದ್ಗುಣದ ಮುಖ್ಯ ಕಾರ್ಯ ಎದುರಾಳಿಯ ಮೇಲೆ ಬೀಳುವುದಕ್ಕಿಂತ ಹೆಚ್ಚಾಗಿ ಕಷ್ಟದ ನಡುವೆ ಅಲುಗದೆ ನಿಲ್ಲುವುದರಲ್ಲಿದೆ ಎಂಬುದು ಅವರ ಅಭಿಪ್ರಾಯ. ಆದರೆ ಹಾಗೆ ನಿಲ್ಲುವವನಿಗೆ ತಾನು ಯಾವ ಒಳಿತಿಗಾಗಿ ನಿಂತಿದ್ದೇನೆ ಎಂಬ ಅರಿವಿರಬೇಕು. ಪ್ರಾಣಿಗಳ ಇಚ್ಛೆಯನ್ನು ಕುರಿತೂ ಅವರು ಒಂದು ಸೂಕ್ಷ್ಮವಾದ ಭೇದವನ್ನು ಗುರುತಿಸಿದರು. ಪ್ರಾಣಿಗೆ ಇಚ್ಛೆಯೇ ಇಲ್ಲವೆಂದು ಅವರು ಹೇಳಲಿಲ್ಲ. ಅದರ ಇಚ್ಛೆ ಅಪೂರ್ಣವಾದುದು ಎಂದರು. ತನಗೆ ಬೇಕಾದ ವಸ್ತುವನ್ನು ಅದು ಕಾಣುತ್ತದೆ. ಆದರೆ ಅದನ್ನು ಒಂದು ಗುರಿಯೆಂದು ತಿಳಿದು, ಅದಕ್ಕೆ ತಕ್ಕ ದಾರಿಯನ್ನು ತೂಗಿ ನೋಡುವ ಅರಿವು ಅದಕ್ಕಿಲ್ಲ.

ಈ ಭೇದವನ್ನು ಕಣಿವೆಯ ದಾರಿಗೆ ಹೊಂದಿಸಿ ನೋಡೋಣ. ಕುದುರೆ ನೀರನ್ನು ಬಯಸುತ್ತದೆ, ಹುಲ್ಲನ್ನು ಬಯಸುತ್ತದೆ, ಜೊತೆಗಾರರನ್ನು ಬಯಸುತ್ತದೆ. ಓಡುವುದರಲ್ಲಿಯೂ ಅದಕ್ಕೆ ಉಲ್ಲಾಸವುಂಟು. ಕುದುರೆಯ ಮೇಲೆ ಕೂರುವುದೇ ಹಿಂಸೆ ಎನ್ನುವವರು ಈ ಉಲ್ಲಾಸವನ್ನು ಗಮನಿಸಬೇಕು. ಆದರೆ ‘100 ಮೈಲಿ’ ಎಂಬುದು ಕುದುರೆಗೆ ತಿಳಿಯದು. ಬೆಳ್ಳಿಯ ಬಕಲ್ ಅದಕ್ಕೆ ಬೇಡ. ಇನ್ನು ಎಷ್ಟು ದೂರವಿದೆ, ತನ್ನಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂದು ಅದು ಲೆಕ್ಕ ಹಾಕಲಾರದು. ‘ನನ್ನ ಕುದುರೆಗೆ ಗೆಲ್ಲುವ ಆಸೆ’ ಎನ್ನುವವರು ಇದನ್ನು ಗಮನಿಸಬೇಕು. ಹೋಗುವ ಮನಸ್ಸು ಕುದುರೆಯದಿರಬಹುದು. ಗುರಿ ಮಾತ್ರ ಸಂಪೂರ್ಣವಾಗಿ ಸವಾರನದು. ಆದುದರಿಂದ ಕುದುರೆಯ ಸಹನೆ ನಿಜವಾಗಿ ನಂಬಿಕೆಯ ಇನ್ನೊಂದು ಹೆಸರು. ಆ ನಂಬಿಕೆಗೆ ಬೇಕಾದ ವಿವೇಕವನ್ನು ಸವಾರನೇ ಒದಗಿಸಬೇಕು. ಒಂದು ಜೀವಿ ಎಷ್ಟು ಮನಸಾರೆ ನಮಗೆ ಒಪ್ಪುತ್ತದೆಯೋ, ಅದರ ಪರವಾಗಿ ‘ಸಾಕು’ ಎನ್ನುವ ಹೊಣೆ ಅಷ್ಟರಮಟ್ಟಿಗೆ ನಮ್ಮ ಹೆಗಲಿಗೆ ಬರುತ್ತದೆ. ಒಪ್ಪಿಗೆಯಿಂದ ಹೊಣೆ ಹಗುರವಾಗುವುದಿಲ್ಲ, ಇನ್ನೂ ಭಾರವಾಗುತ್ತದೆ.

ಹಾಗಾದರೆ ಒಳ್ಳೆಯ ತರಬೇತಿಯನ್ನು ಗುರುತಿಸುವುದು ಹೇಗೆ? ಶಾಂತವಾಗಿ ನಿಂತಿರುವ ಎರಡು ಕುದುರೆಗಳನ್ನು ಕಲ್ಪಿಸಿಕೊಳ್ಳಿ. ಒಂದು, ನಂಬಿಕೆಯಿಂದ ಶಾಂತವಾದುದು. ಇನ್ನೊಂದು, ತನ್ನ ಪ್ರತಿಭಟನೆಯಿಂದ ಏನೂ ಆಗದೆಂದು ಅರಿತು ಸುಮ್ಮನಾದುದು. ದೂರದಿಂದ ನೋಡುವವರಿಗೆ ಎರಡೂ ‘ಒಳ್ಳೆಯ ಕುದುರೆ’ಗಳೇ. 1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ಈ ಎರಡನೆಯ ಬಗೆಯ ಮೌನವನ್ನು ಬೆಳಕಿಗೆ ತಂದವು. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳು, ಮುಂದೆ ಒಂದು ಸಣ್ಣ ತಡೆಯನ್ನು ಜಿಗಿದರೆ ಪಾರಾಗಬಹುದಾಗಿದ್ದಾಗಲೂ ಬಹುಮಟ್ಟಿಗೆ ಅಲ್ಲಿಯೇ ಮಲಗಿಬಿಟ್ಟವು. ಸುಮಾರು ಐವತ್ತು ವರ್ಷಗಳ ಅನಂತರ, 2016ರಲ್ಲಿ, ಅದೇ ವಿಜ್ಞಾನಿಗಳು ತಮ್ಮ ವಿವರಣೆಯನ್ನು ತಾವೇ ಪರಿಷ್ಕರಿಸಿದರು. ದೀರ್ಘವಾದ ನೋವಿನಲ್ಲಿ ಕೈಚೆಲ್ಲುವುದು ಜೀವಿಯು ಕಲಿಯುವ ಪಾಠವಲ್ಲ, ಅದು ಸಹಜವಾಗಿಯೇ ಬರುತ್ತದೆ. ಕಲಿಯಬೇಕಾದದ್ದು ‘ನಾನು ಮಾಡುವುದರಿಂದ ಏನಾದರೂ ಬದಲಾಗುತ್ತದೆ’ ಎಂಬುದನ್ನು ಎಂದರು.

ಒಳ್ಳೆಯ ತರಬೇತಿಯ ಒರೆಗಲ್ಲು ಈ ಮಾತಿನಲ್ಲಿಯೇ ಇದೆ. ಕುದುರೆ ಬೆಚ್ಚಿ ನಿಂತಾಗ ಸವಾರನು ತಾನೂ ನಿಂತು ನೋಡಿದರೆ, ತನ್ನ ‘ಬೇಡ’ಕ್ಕೂ ಬೆಲೆಯಿದೆಯೆಂದು ಕುದುರೆ ಕಲಿಯುತ್ತದೆ. ಬೆನ್ನಿನ ಮೇಲೆ ಜೀನು ಉಜ್ಜಿ ಹುಣ್ಣಾದಾಗ ಅದು ಕಿವಿ ಹಿಂದಕ್ಕೆ ಮಡಿಸಿ ತಿಳಿಸಿದ್ದನ್ನು ಸವಾರನು ಗಮನಿಸಿ ಸಡಿಲಿಸಿದರೆ, ಮುಂದಿನ ಸಲವೂ ಅದು ತಿಳಿಸುತ್ತದೆ. ಹಾಗೆ ತಿಳಿಸಿದ್ದಕ್ಕೆ ಏಟು ಬಿದ್ದರೆ ಅದು ತಿಳಿಸುವುದನ್ನೇ ನಿಲ್ಲಿಸುತ್ತದೆ. ಹುಣ್ಣು ಮಾತ್ರ ಬೆಳೆಯುತ್ತದೆ. ಬೇಟೆಗೆ ಈಡಾಗುವ ಪ್ರಾಣಿಯಾದ್ದರಿಂದ ನೋವನ್ನು ಮರೆಮಾಚುವುದು ಕುದುರೆಯ ಹುಟ್ಟುಗುಣ. ಅದರ ನೋವನ್ನು ಮುಖದಿಂದಲೇ ಓದಲೆಂದು ಯುರೋಪಿನ ಸಂಶೋಧಕರು 2014ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು: ಹಿಂದಕ್ಕೆ ಸೆಟೆದ ಕಿವಿ, ಬಿಗಿದ ಕಣ್ಣಾಲಿಯ ಸುತ್ತು, ಉಬ್ಬಿದ ದವಡೆಯ ಸ್ನಾಯು, ಬಿಗಿದ ಬಾಯಿ, ಸೆಟೆದ ಹೊಳ್ಳೆ. ಮಾತಿಲ್ಲದ ಮುಖವೂ ಮಾತನಾಡುತ್ತದೆ, ನೋಡುವ ಕಣ್ಣಿದ್ದರೆ.

ಪವಿತ್ರ ಗ್ರಂಥದ ಸಂಖ್ಯಾಕಾಂಡದಲ್ಲಿ ಬರುವ ಬಿಳಾಮನ ಕತ್ತೆಯ ಪ್ರಸಂಗ ಇಲ್ಲಿ ನೆನಪಾಗುತ್ತದೆ. ದಾರಿಗೆ ಅಡ್ಡವಾಗಿ ನಿಂತ ದೇವದೂತನನ್ನು ಕತ್ತೆ ಕಂಡಿತು. ದಾರ್ಶನಿಕನೆಂದು ಹೆಸರಾದ ಸವಾರನಿಗೆ ಕಾಣಲಿಲ್ಲ. ಮೂರು ಬಾರಿ ಅದು ದಾರಿ ಬಿಟ್ಟಿತು, ಮೂರು ಬಾರಿಯೂ ಹೊಡೆತ ತಿಂದಿತು. ಕೊನೆಗೆ ಬಾಯಿ ಬಂದಾಗ ಆ ಕತ್ತೆ ತನ್ನ ಇಷ್ಟು ಕಾಲದ ಸೇವೆಯನ್ನು ನೆನಪಿಸಿ, ಹಿಂದೆಂದಾದರೂ ತಾನು ಹೀಗೆ ಮಾಡಿದ್ದುಂಟೇ ಎಂದು ಕೇಳಿತು. ಎಂದೂ ಬೇಡವೆನ್ನದ ಜೀವ ಇಂದು ಬೇಡವೆನ್ನುತ್ತಿದ್ದರೆ, ಅಲ್ಲಿ ನಾವು ಕಾಣದ ಏನೋ ಇದೆ ಎಂದು ಅನುಮಾನಿಸುವುದೇ ವಿವೇಕದ ಮೊದಲ ಹೆಜ್ಜೆ.

ಸವಾರರ ಸಂಸ್ಥೆಗಳೂ ಈ ವಿವೇಕಕ್ಕೆ ಜಾಗ ಮಾಡಿಕೊಟ್ಟಿವೆ. ವೈದ್ಯರು ‘ಹೋಗಬಹುದು’ ಎಂದರೂ, ‘ನನ್ನ ಕುದುರೆ ಇಂದು ಎಂದಿನಂತಿಲ್ಲ’ ಎಂದು ಸವಾರನೇ ಹಿಂದೆ ಸರಿಯಬಹುದು. ಅಮೆರಿಕದ ದಾಖಲೆಗಳಲ್ಲಿ ಅದನ್ನು ಸವಾರನ ಆಯ್ಕೆ ಎಂದೇ ಪ್ರತ್ಯೇಕವಾಗಿ ಬರೆದುಕೊಳ್ಳುತ್ತಾರೆ. ಟೆವಿಸ್ ಸವಾರಿಯಲ್ಲಿ 1964ರಿಂದ ಹ್ಯಾಗಿನ್ ಕಪ್ ಎಂಬ ಇನ್ನೊಂದು ಬಹುಮಾನವಿದೆ. ಮೊದಲ ಹತ್ತರೊಳಗೆ ಬಂದ ಕುದುರೆಗಳಲ್ಲಿ ಅತ್ಯುತ್ತಮ ಆರೋಗ್ಯಸ್ಥಿತಿಯಲ್ಲಿರುವ ಕುದುರೆಗೆ ಅದು ಸಲ್ಲುತ್ತದೆ. ಅದನ್ನು ಪಡೆಯುವುದು ಮೊದಲ ಸ್ಥಾನದಷ್ಟೇ ಹೆಮ್ಮೆಯ ಸಂಗತಿಯೆಂದು ಭಾವಿಸುವವರು ಬಹಳ.

ಆದರೂ ನಿಯಮಗಳು ಮನಸ್ಸಾಕ್ಷಿಯ ಸ್ಥಾನವನ್ನು ತುಂಬಲಾರವು. ಕುದುರೆಗಳ ಯೋಗಕ್ಷೇಮದ ವಿಷಯದಲ್ಲಿ ಎದ್ದ ಆಕ್ಷೇಪಗಳ ಕಾರಣದಿಂದ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು 2015ರಲ್ಲಿ ಯುನೈಟೆಡ್ ಅರಬ್ ಎಮಿರೇಟ್ಸ್‌ನ ಒಕ್ಕೂಟವನ್ನು ಕೆಲವು ತಿಂಗಳ ಕಾಲ ಅಮಾನತಿನಲ್ಲಿಟ್ಟಿತು. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟ್ರಯಾನ್‌ನಲ್ಲಿ ನಡೆದ ವಿಶ್ವ ಅಶ್ವಕ್ರೀಡಾಕೂಟದಲ್ಲಿ ದೀರ್ಘದೂರ ಸವಾರಿಯನ್ನು ಸೆಕೆ ಮತ್ತು ತೇವಾಂಶದ ಕಾರಣ ನಡುವಿನಲ್ಲಿಯೇ ರದ್ದುಮಾಡಬೇಕಾಯಿತು. ವರ್ಷಗಟ್ಟಲೆ ಸಿದ್ಧತೆ ಮಾಡಿಕೊಂಡು ಬಂದ ಸವಾರರಲ್ಲಿ ಕೆಲವರು ಸಿಟ್ಟಿನಿಂದ ಪ್ರತಿಭಟಿಸಿದರು. ಅವರ ನಿರಾಶೆ ಅರ್ಥವಾಗುವಂಥದ್ದೇ. ಆದರೆ ಆ ದಿನ ಪ್ರತಿಭಟಿಸಲು ಬಾಯಿದ್ದವರು ಸವಾರರು ಮಾತ್ರ ಎಂಬುದನ್ನೂ ಮರೆಯಲಾಗದು.

ನಮ್ಮ ಬಹುಪಾಲು ಓದುಗರು ಕುದುರೆಯೇರಿದವರಲ್ಲ. ಆದರೆ ಬೇಡವೆನ್ನದವರು ನಮ್ಮ ಮನೆಗಳಲ್ಲಿ ಇದ್ದಾರೆ. ಮನೆಗಳಿಗೆ ಭೇಟಿಯಿತ್ತಾಗ ಮೆಚ್ಚುಗೆಯ ಧ್ವನಿಯಲ್ಲಿ ಕೇಳಿಬರುವ ಮಾತು ಇದು: ‘ನಮ್ಮ ದೊಡ್ಡ ಮಗಳು ಬಹಳ ಒಳ್ಳೆಯವಳು ಫಾದರ್, ಏನು ಹೇಳಿದರೂ ಇಲ್ಲವೆನ್ನುವುದಿಲ್ಲ.’ ಆಕೆ ತಮ್ಮಂದಿರಿಗೆ ಪಾಠ ಹೇಳುತ್ತಾಳೆ, ಅಡುಗೆಗೆ ಕೈಗೂಡಿಸುತ್ತಾಳೆ, ಅಜ್ಜಿಯ ಮಾತ್ರೆಗಳ ಲೆಕ್ಕವಿಡುತ್ತಾಳೆ, ಮನೆಯವರು ಆರಿಸಿದ ಕೋರ್ಸಿಗೆ ಸೇರುತ್ತಾಳೆ. ತಂದೆ ತೋರಿಸಿದ ಪರೀಕ್ಷೆಗೆ ಮುಂಜಾನೆ ನಾಲ್ಕಕ್ಕೆ ಎದ್ದು ಕುಳಿತುಕೊಳ್ಳುವ ಹುಡುಗನಿಗೆ ಆ ಗುರಿ ತನ್ನದೇ ಎಂಬ ಭಾವನೆ ಇರಬಹುದು. ಅದು ನಿಜವಾಗಿ ಯಾರದೆಂದು ಯಾರೂ ಕೇಳಿರುವುದಿಲ್ಲ. ಮೂವತ್ತು ವರ್ಷ ಎಲ್ಲರೂ ಉಂಡ ಮೇಲೆ ಉಂಡ ತಾಯಿಗೆ ತನ್ನ ಹಸಿವು ಯಾವಾಗಿನದೆಂಬುದೇ ಮರೆತಿರುತ್ತದೆ. ಧರ್ಮಕೇಂದ್ರದಲ್ಲಿಯೂ ಅಷ್ಟೇ, ಹಬ್ಬದ ಕೆಲಸವೆಲ್ಲ ಕರೆದರೆ ಬರುವ ಅದೇ ನಾಲ್ವರ ಮೇಲೆ ಬೀಳುತ್ತದೆ. ಅವರು ಒಪ್ಪುತ್ತಾರೆ ಎಂಬುದೇ ನಮ್ಮ ಸಮರ್ಥನೆ.

ಮನುಷ್ಯರು ಕುದುರೆಗಳಲ್ಲ; ಅವರಿಗೆ ಗುರಿಯ ಅರಿವಿದೆ, ಮಾತಿದೆ, ಪ್ರೀತಿಯಿಂದ ಆರಿಸಿಕೊಂಡ ತ್ಯಾಗಕ್ಕೆ ಬೆಲೆಯಿದೆ. ತಾಯಿಯ ಸಹನೆಯನ್ನು ಕುದುರೆಯ ಸಹನೆಗೆ ಹೋಲಿಸಿ ಕೀಳಾಗಿಸುವುದು ಸಲ್ಲದು. ಆದರೆ ಪ್ರೀತಿಯಿಂದ ಸುಮ್ಮನಿರುವುದು ಮತ್ತು ಹೇಳಿ ಪ್ರಯೋಜನವಿಲ್ಲವೆಂದು ಸುಮ್ಮನಿರುವುದು ಹೊರಗಿನಿಂದ ಒಂದೇ ಬಗೆಯಾಗಿ ಕಾಣುತ್ತವೆ ಎಂಬ ಸತ್ಯ ಮನೆಗೂ ಅನ್ವಯಿಸುತ್ತದೆ. ಎರಡನ್ನೂ ಬೇರ್ಪಡಿಸಿ ತಿಳಿಯಲು ಇರುವುದು ಒಂದೇ ಉಪಾಯ: ಆ ಮನೆಯಲ್ಲಿ ‘ಬೇಡ’ ಎಂದವರಿಗೆ ಏನಾಯಿತು ಎಂದು ನೋಡುವುದು. ಹಿಂದಿನ ಸಲ ಮಗಳು ‘ನನಗೆ ಆಗುತ್ತಿಲ್ಲ’ ಎಂದಾಗ ನಾವು ನಿಂತೆವೇ, ಅಥವಾ ಗದರಿದೆವೇ? ಗದರಿದ್ದರೆ ಆಕೆಯ ಇಂದಿನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸುವುದು ಕಷ್ಟ. ಮಕ್ಕಳಿಗೆ ಸಹನೆಯನ್ನು ಕಲಿಸುವವರು, ಅದರ ಜೊತೆಯಲ್ಲಿಯೇ, ಸಹನೆ ಮುಗಿಯುವ ಮೊದಲು ಹೇಳುವುದನ್ನೂ ಕಲಿಸಬೇಕು. ಹೇಳಿದಾಗ ಕೇಳುವುದು ಕಲಿಸಿದವರ ಪಾಲಿನ ಕೆಲಸ.

ಟೆವಿಸ್ ಸವಾರಿಯನ್ನು ವಾಡಿಕೆಯಂತೆ ಹುಣ್ಣಿಮೆಯ ಆಸುಪಾಸಿನಲ್ಲಿ ಇರಿಸಿಕೊಳ್ಳುತ್ತಾರೆ. ಆದರೂ ಕಣಿವೆಯ ಮರಗಳ ಕೆಳಗೆ ಬೆಳದಿಂಗಳು ಇಳಿಯದ ತಾಣಗಳಲ್ಲಿ ಸವಾರನಿಗೆ ತನ್ನ ಕೈಯೂ ಕಾಣದು. ಕತ್ತಲೆಯಲ್ಲಿ ಕುದುರೆಯ ಕಣ್ಣು ಮನುಷ್ಯನ ಕಣ್ಣಿಗಿಂತ ಚುರುಕು. ಅನುಭವಿ ಸವಾರನು ಅಲ್ಲಿ ಲಗಾಮನ್ನು ಸಡಿಲಬಿಟ್ಟು, ಹೆಜ್ಜೆಯ ಆಯ್ಕೆಯನ್ನು ಕುದುರೆಗೆ ಬಿಟ್ಟುಕೊಡುತ್ತಾನೆ. ಹಗಲೆಲ್ಲ ಕುದುರೆ ಅವನನ್ನು ನಂಬಿ ನಡೆಯಿತು. ಇರುಳಿನಲ್ಲಿ ಅವನು ಕುದುರೆಯನ್ನು ನಂಬಿ ಕೂರುತ್ತಾನೆ. ಅಲ್ಲಿ ಅದು ನಿಂತರೆ ಅವನೂ ನಿಲ್ಲುತ್ತಾನೆ. ಏನಿದೆ ಎಂದು ಇಳಿದು ನೋಡುತ್ತಾನೆ. ಮುಂದೆ ಆಬರ್ನಿನ ದೀಪಗಳ ಕೆಳಗೆ ವೈದ್ಯರು ಕಾದಿರುತ್ತಾರೆ. ನಮ್ಮನ್ನು ನಂಬಿ ಬಹಳ ದೂರ ನಡೆದುಬಂದವರನ್ನು ಕುರಿತು ಆ ವೈದ್ಯರು ಕೇಳುವ ಪ್ರಶ್ನೆಯನ್ನು ಒಮ್ಮೆ ನಾವೂ ಕೇಳಿಕೊಳ್ಳಬಹುದು: ಎಷ್ಟು ಬೇಗ ಬಂದರು ಎಂಬುದು ಹಾಗಿರಲಿ, ಬಂದ ಮೇಲೆ ಹೇಗಿದ್ದಾರೆ?